ತಿನ್ನುವ ಹೂಗುಚ್ಛ, ಹಸಿದವರ ಕೋಟೆ

ಹೂಗುಚ್ಛ ಇರುವುದು ನೋಡುವುದಕ್ಕೆ, ಹೆಚ್ಚೆಂದರೆ ಮೂಸುವುದಕ್ಕೆ. ಸಮಾರಂಭ ಮುಗಿದ ಮೇಲೆ ಅದು ವೇದಿಕೆಯ ಮೂಲೆಯಲ್ಲಿ ಬಾಡುತ್ತದೆ. ಆದರೆ ಈಚಿನ ವರ್ಷಗಳಲ್ಲಿ ಯೂರೋಪು, ಅಮೆರಿಕಗಳಲ್ಲಿ ಇನ್ನೊಂದು ಬಗೆಯ ಹೂಗುಚ್ಛ ಉಡುಗೊರೆಯಾಗಿ ಕೈಯಿಂದ ಕೈಗೆ ಹೋಗುತ್ತಿದೆ. ದೂರದಿಂದ ನೋಡಿದರೆ ಕೆಂಗುಲಾಬಿ. ಹತ್ತಿರ ಹೋದರೆ ಅದು ಸಲಾಮಿ, ಅಂದರೆ ಉಪ್ಪು ಬೆರೆಸಿ ಹದವಾಗಿ ಒಣಗಿಸಿದ ಮಾಂಸದ ತೆಳು ಬಿಲ್ಲೆಗಳು. ಗುಲಾಬಿಯ ಪಕ್ಕದ ಬಿಳಿ ಮೊಗ್ಗು ಚೀಸ್. ನಡುನಡುವೆ ದ್ರಾಕ್ಷಿ, ಸ್ಟ್ರಾಬೆರಿ, ಅನಾನಸ್. ಎಲ್ಲವನ್ನೂ ಬಿದಿರು ಕಡ್ಡಿಗೆ ಚುಚ್ಚಿ, ಬಣ್ಣದ ಕಾಗದ ಸುತ್ತಿ, ರಿಬ್ಬನ್ ಕಟ್ಟಿದರೆ ತಿನ್ನುವ ಹೂಗುಚ್ಛ ಸಿದ್ಧ.

ಇದರ ಕೈಚಳಕ ಬಹಳ ಸರಳ. ಕಿರಿದಾದ ಒಂದು ಗಾಜಿನ ಲೋಟ ಬೇಕು. ಸಲಾಮಿಯ ಒಂದೊಂದು ಬಿಲ್ಲೆಯನ್ನು ಅರ್ಧ ಒಳಗೆ, ಅರ್ಧ ಹೊರಗೆ ಬರುವಂತೆ ಲೋಟದ ಅಂಚಿನ ಮೇಲೆ ಮಡಿಸುತ್ತಾ ಹೋಗಬೇಕು. ಒಂದರ ಮೇಲೊಂದು ಒತ್ತಿಕೊಂಡು ಎರಡು ಮೂರು ಸುತ್ತು ಬಂದ ಮೇಲೆ ಲೋಟವನ್ನು ತಲೆಕೆಳಗು ಮಾಡಿ ಮೆಲ್ಲಗೆ ಎತ್ತಿದರೆ ಎಸಳು ಬಿಚ್ಚಿದ ಗುಲಾಬಿ ಕೆಳಗೆ ಕೂತಿರುತ್ತದೆ. ಮಾಂಸದಲ್ಲಿನ ಕೊಬ್ಬೇ ಎಸಳುಗಳನ್ನು ಹಿಡಿದಿಡುವ ಅಂಟು.

ಉಳ್ಳವರ ಶೋಕಿ ಎಂದು ಇದನ್ನು ನಕ್ಕು ಬಿಟ್ಟುಬಿಡಬಹುದು. ಮಾಂಸ ಮುಟ್ಟದವರಿಗೆ ಮುಖ ಸಿಂಡರಿಸುವಂತೆಯೂ ಆಗಬಹುದು. ಆದರೆ ಮಾಂಸ, ಚೀಸು, ಹಣ್ಣುಗಳಿಂದ ನೋಟಕ್ಕೊಂದು ಕಟ್ಟಡ ಕಟ್ಟುವ ಕಲೆ ನಿನ್ನೆ ಮೊನ್ನೆಯದಲ್ಲ. ಇನ್ನೂರೈವತ್ತು ವರ್ಷಗಳ ಹಿಂದೆ ಇಟಲಿಯ ನೇಪಲ್ಸ್ ನಗರದಲ್ಲಿ ಇದೇ ಸಾಮಗ್ರಿಯಿಂದ ಕೈಯಲ್ಲಿ ಹಿಡಿಯುವ ಗುಚ್ಛವನ್ನಲ್ಲ, ಕೋಟೆಗಳನ್ನೇ ಕಟ್ಟುತ್ತಿದ್ದರು. ಅದನ್ನು ನೋಡಲು ಅರಮನೆಯ ಮೊಗಸಾಲೆಯಲ್ಲಿ ರಾಜ ನಿಲ್ಲುತ್ತಿದ್ದ. ಅದನ್ನು ಕಿತ್ತು ತಿನ್ನಲು ಕೆಳಗೆ ಬೀದಿಯಲ್ಲಿ ಹಸಿದ ಜನ ಕಾಯುತ್ತಿದ್ದರು.

ಜಂತಿಯಲ್ಲಿ ತೂಗುವ ಸಂಪತ್ತು

ಕೋಟೆಯ ಕತೆಗೆ ಹೋಗುವ ಮೊದಲು ಒಂದು ಪ್ರಶ್ನೆ. ಅಲಂಕಾರಕ್ಕೆ ಈ ಪದಾರ್ಥಗಳೇ ಏಕೆ?

ಉತ್ತರ ಯೂರೋಪಿನ ಚಳಿಗಾಲದಲ್ಲಿದೆ. ಹಿಮ ಬಿದ್ದ ಮೇಲೆ ದನಕರುಗಳಿಗೆ ಮೇವಿಲ್ಲ, ಹಂದಿಗಳಿಗೆ ಕಾಡಿನ ಓಕ್ ಕಾಯಿಗಳಿಲ್ಲ. ಹಾಗಾಗಿ ಚಳಿಯ ಆರಂಭದಲ್ಲಿ ಕೊಬ್ಬಿದ ಹಂದಿಯನ್ನು ಕೊಯ್ದು, ವರ್ಷವಿಡೀ ಬಾಳುವಂತೆ ಕಾಪಿಡುವುದು ರೈತ ಮನೆಗಳ ರೂಢಿಯಾಗಿತ್ತು. ಹಿಂದೊಡೆಗೆ ಉಪ್ಪು ಸವರಿ ತಿಂಗಳುಗಟ್ಟಲೆ ಗಾಳಿಗೆ ತೂಗುಹಾಕಿದರೆ ಅದು ಹ್ಯಾಮ್. ಕೊಚ್ಚಿದ ಮಾಂಸಕ್ಕೆ ಉಪ್ಪು, ಮೆಣಸು ಸೇರಿಸಿ ಕರುಳಿನ ಚೀಲದಲ್ಲಿ ತುಂಬಿ ಒಣಗಿಸಿದರೆ ಸಲಾಮಿ. ಉಪ್ಪು ಮಾಂಸದ ನೀರನ್ನು ಹೀರಿ ಹೊರಹಾಕುತ್ತದೆ. ನೀರಿಲ್ಲದೆಡೆ ಕೊಳೆಸುವ ಸೂಕ್ಷ್ಮಜೀವಿಗಳ ಆಟ ನಡೆಯದು. ಸಲಾಮಿಯಲ್ಲಂತೂ ಮೊಸರಿಗೆ ಹುಳಿ ಕೊಡುವಂಥ ಜೀವಾಣುಗಳೇ ಬೆಳೆದು ಮಾಂಸವನ್ನು ಕಾಯುತ್ತವೆ. ಪಾರ್ಮಾ ಪಟ್ಟಣದ ಹೆಸರಾಂತ ಹ್ಯಾಮ್‌ಗೆ ಇಂದಿಗೂ ಹಂದಿಯ ತೊಡೆ, ಉಪ್ಪು ಬಿಟ್ಟರೆ ಬೇರೇನೂ ಬೇಕಿಲ್ಲ. ಆದರೆ ವರ್ಷಕ್ಕೂ ಮಿಕ್ಕಿ ಕಾಯುವ ತಾಳ್ಮೆ ಬೇಕು.

ಚೀಸಿನದೂ ಇದೇ ಕತೆ. ಹಾಲು ಒಂದು ದಿನದ ಪದಾರ್ಥ. ಅದನ್ನು ಒಡೆಸಿ, ನೀರು ಬಸಿದು, ಒತ್ತಿ, ಉಪ್ಪುನೀರಿನಲ್ಲಿ ನೆನೆಸಿ ಮಾಗಿಸಿದರೆ ವರ್ಷಗಳ ಪದಾರ್ಥ. ಪಾರ್ಮೆಸಾನ್ ಚೀಸಿನ ಒಂದು ಗಾಲಿ ಸುಮಾರು 40 ಕೆ.ಜಿ. ತೂಗುತ್ತದೆ. ಅದಕ್ಕೆ 500 ಲೀಟರಿಗೂ ಹೆಚ್ಚು ಹಾಲು ಬೇಕು. ಕನಿಷ್ಠ 12 ತಿಂಗಳು ಮಾಗಬೇಕು.

ಹಾಗಾಗಿ ಮನೆಯ ಜಂತಿಯಿಂದ ಹ್ಯಾಮ್ ತೂಗುತ್ತಿದೆ, ಹಲಗೆಯ ಮೇಲೆ ಚೀಸಿನ ಗಾಲಿ ಇದೆ ಎಂದರೆ ಆ ಮನೆಯವರು ಬರುವ ಚಳಿಗಾಲವನ್ನು ದಾಟುತ್ತಾರೆ ಎಂದರ್ಥ. ನಮ್ಮ ಹಳ್ಳಿಗಳಲ್ಲಿ ಕಣಜ ತುಂಬಿದ ಮನೆಗೆ ಹೆಣ್ಣು ಕೊಡಲು ಹಿಂದೆ ಮುಂದೆ ನೋಡುತ್ತಿರಲಿಲ್ಲವಲ್ಲ, ಹಾಗೆ. ಅಲ್ಲಿನ ಕಣಜ ತಲೆಯ ಮೇಲೆ ತೂಗುತ್ತಿತ್ತು, ಅಷ್ಟೆ. ಜಂತಿ ಬರಿದಾಗಿದ್ದ ಮನೆಗಳೇ ಹೆಚ್ಚಾಗಿದ್ದವು. ಆ ಬರಿದು ಜಂತಿಯ ಕೆಳಗೆ ಮಲಗಿದವರು ಕಂಡ ಕನಸಿನ ಹೆಸರು ಕುಕ್ಕಾನ್ಯ.

ಚೀಸಿನ ಬೆಟ್ಟದ ನಾಡು

ಕುಕ್ಕಾನ್ಯ ಎಂಬುದು ಯಾವ ನಕಾಶೆಯಲ್ಲೂ ಇಲ್ಲದ ನಾಡು. ಮಧ್ಯಯುಗದ ಯೂರೋಪಿನ ಹಲವು ಭಾಷೆಗಳಲ್ಲಿ ಒಂದಲ್ಲ ಒಂದು ಹೆಸರಿನಲ್ಲಿ ಅದು ಸಿಗುತ್ತದೆ. ಅಲ್ಲಿ ದುಡಿಯಬೇಕಿಲ್ಲ. ಹುರಿದ ಹಕ್ಕಿ ತಾನಾಗಿ ಬಾಯಿಗೆ ಬೀಳುತ್ತದೆ, ಹೊಳೆಯಲ್ಲಿ ದ್ರಾಕ್ಷಾರಸ ಹರಿಯುತ್ತದೆ. 1348ರ ಮಹಾಮಾರಿ ಪ್ಲೇಗಿನ ಬೆನ್ನಿಗೇ ಇಟಲಿಯ ಬೊಕಾಚ್ಚಿಯೊ ಬರೆದ ‘ಡೆಕಾಮೆರಾನ್’ ಕಥಾಗುಚ್ಛದಲ್ಲೂ ಇಂಥ ಒಂದು ನಾಡಿದೆ. ಪೆದ್ದನೊಬ್ಬನನ್ನು ನಂಬಿಸಲು ಹೇಳುವ ಸುಳ್ಳು ಅದು. ಅಲ್ಲಿ ತುರಿದ ಪಾರ್ಮೆಸಾನ್ ಚೀಸಿನದೇ ಬೆಟ್ಟ, ದ್ರಾಕ್ಷಿ ಬಳ್ಳಿಗಳನ್ನು ಕಟ್ಟಿರುವುದು ಹಗ್ಗದಿಂದಲ್ಲ, ಸಾಸೇಜಿನಿಂದ. ಮಾಂಸ, ಚೀಸು, ದ್ರಾಕ್ಷಿ ಮೂರೂ ಒಂದೇ ಚಿತ್ರದಲ್ಲಿ. ಇಂದಿನ ಹೂಗುಚ್ಛದ ಸಾಮಾನುಪಟ್ಟಿ ಆರೂವರೆ ಶತಮಾನಗಳ ಹಿಂದೆಯೇ ಸಿದ್ಧವಾಗಿತ್ತು!

1567ರಲ್ಲಿ ಪೀಟರ್ ಬ್ರೂಗೆಲ್ ಈ ನಾಡನ್ನು ಚಿತ್ರಿಸಿದ. ತಿಂದು ತೇಗಿ ಅಂಗಾತ ಬಿದ್ದ ಮೂವರು. ಅವರಲ್ಲಿ ಒಬ್ಬ ರೈತ, ಒಬ್ಬ ಸೈನಿಕ, ಒಬ್ಬ ಓದು ಬಲ್ಲವ. ಪಕ್ಕದ ಬೇಲಿ ಸಾಸೇಜಿನದು. ಜರ್ಮನಿಯ ಮ್ಯೂನಿಕ್ ನಗರದ ಸಂಗ್ರಹಾಲಯದಲ್ಲಿ ಈ ಚಿತ್ರ ಈಗಲೂ ಇದೆ. ನೋಡಿದರೆ ನಗು ಬರುತ್ತದೆ. ಆದರೆ ಊಟದ ಕನಸನ್ನು ಇಷ್ಟು ವಿವರವಾಗಿ ಕಾಣುವವನು ಹೊಟ್ಟೆ ತುಂಬಿದವನಲ್ಲ.

ಸಕ್ಕರೆಯ ಕರವಸ್ತ್ರ

ಬಡವರು ಕನಸು ಕಾಣುತ್ತಿದ್ದಾಗ ಅರಮನೆಗಳಲ್ಲಿ ಅಡುಗೆಯವರು, ಶಿಲ್ಪಿಗಳು ಸೇರಿ ಊಟದ ಮೇಜಿನ ಮೇಲೆ ಪ್ರತಿಮೆ ನಿಲ್ಲಿಸುತ್ತಿದ್ದರು. ಇಲ್ಲಿ ಸಾಮಗ್ರಿ ಮುಖ್ಯವಾಗಿ ಸಕ್ಕರೆ. ಈ ಮಾತಿನಲ್ಲಿ ನಮ್ಮದೂ ಒಂದು ಪಾಲಿದೆ. ಕಬ್ಬಿನ ಹಾಲನ್ನು ಕಾಯಿಸಿ ಹರಳುಗಟ್ಟಿಸುವ ವಿದ್ಯೆ ಭಾರತದಿಂದ ಪರ್ಷಿಯಾಕ್ಕೆ, ಅಲ್ಲಿಂದ ಅರಬರ ಮೂಲಕ ಮೆಡಿಟರೇನಿಯನ್ ತೀರಕ್ಕೆ ಹೋಯಿತು. ಸಂಸ್ಕೃತದ ‘ಶರ್ಕರಾ’ ನಮ್ಮಲ್ಲಿ ಸಕ್ಕರೆಯಾದಂತೆ ಅರಬ್ಬಿಯಲ್ಲಿ ‘ಸುಕ್ಕರ್’, ಇಟಲಿಯಲ್ಲಿ ‘ಜುಕ್ಕೆರೊ’, ಇಂಗ್ಲಿಷಿನಲ್ಲಿ ‘ಶುಗರ್’ ಆಯಿತು. ‘ಖಂಡ’ ಹೋಗಿ ‘ಕ್ಯಾಂಡಿ’ ಆಯಿತು. ಸಂಕ್ರಾಂತಿಗೆ ಮನೆಮನೆಯಲ್ಲಿ ಅಚ್ಚಿಗೆ ಹೊಯ್ದು ಹಕ್ಕಿ, ಹಣ್ಣು, ತುಳಸಿಕಟ್ಟೆ ಮಾಡುವ ನಮ್ಮ ಸಕ್ಕರೆ ಅಚ್ಚಿಗೂ ಆ ರಾಜಮನೆತನದ ಪ್ರತಿಮೆಗಳಿಗೂ ಇರುವ ಸಾಮಗ್ರಿ ಒಂದೇ.

ವ್ಯತ್ಯಾಸ ಬೆಲೆಯಲ್ಲಿತ್ತು. ಯೂರೋಪಿನಲ್ಲಿ ಆಗ ಸಕ್ಕರೆ ಔಷಧದಂಗಡಿಯಲ್ಲಿ ತೂಗಿ ಕೊಡುವ ದುಬಾರಿ ವಸ್ತು. 1574ರಲ್ಲಿ ಫ್ರಾನ್ಸಿನ ದೊರೆ ಮೂರನೆಯ ಹೆನ್ರಿ ವೆನಿಸ್ ನಗರಕ್ಕೆ ಬಂದಾಗ ಅವನ ಸತ್ಕಾರಕ್ಕೆ ಹಾಕಿದ ಮೇಜಿನ ತಟ್ಟೆ, ಚಾಕು, ಬ್ರೆಡ್ಡು ಎಲ್ಲವೂ ಸಕ್ಕರೆಯದಾಗಿದ್ದವಂತೆ. ಕರವಸ್ತ್ರ ಎಂದು ದೊರೆ ಕೈಗೆತ್ತಿಕೊಂಡದ್ದು ಪುಡಿಪುಡಿಯಾಗಿ ಉದುರಿದ ಕತೆಯನ್ನು ಇಂದಿಗೂ ಹೇಳುತ್ತಾರೆ. ಇದಾದ ಮೇಲೆ, 1591ರ ಸುಮಾರಿಗೆ, ಚಿತ್ರಕಾರ ಆರ್ಚಿಂಬೋಲ್ಡೊ ಚಕ್ರವರ್ತಿ ಎರಡನೆಯ ರುಡಾಲ್ಫನ ಮುಖವನ್ನೇ ಹಣ್ಣು, ತರಕಾರಿ, ಹೂಗಳಿಂದ ಬರೆದ. ಮೂಗಿಗೆ ಪೇರುಹಣ್ಣು, ಕೆನ್ನೆಗೆ ಸೇಬು. ಎಲ್ಲ ಋತುಗಳ ಫಲವೂ ಒಬ್ಬನೇ ಒಡೆಯನ ಮುಖದಲ್ಲಿ ಎಂಬುದು ಅದರ ಸ್ತುತಿ.

ಇಂಥ ಔತಣಗಳ ಒಂದು ಪದ್ಧತಿಯನ್ನು ಗಮನಿಸಬೇಕು. ಅಲಂಕಾರದ ತಿನಿಸು ನೋಡುವುದಕ್ಕೆ ಮೊದಲು, ತಿನ್ನುವುದಕ್ಕೆ ಆಮೇಲೆ. ಎಷ್ಟೋ ಕಡೆ ಊಟಕ್ಕೆ ಮುನ್ನ ಊರ ಜನರನ್ನು ಒಳಗೆ ಬಿಟ್ಟು ಮೇಜಿನ ಸೊಬಗನ್ನು ತೋರಿಸುತ್ತಿದ್ದರು. ಬೊಲೋನ್ಯಾ ನಗರದಲ್ಲಿ ಪ್ರತಿ ಆಗಸ್ಟ್ 24ರಂದು ಸಂತ ಬಾರ್ತೊಲೊಮ್ಯೂನ ಹಬ್ಬದಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಗುತ್ತಿದ್ದರು. ಚೌಕದಲ್ಲಿ ನೆರೆದ ಜನರ ನಡುವೆ ಸರ್ಕಾರಿ ಭವನದ ಮೊಗಸಾಲೆಯಿಂದ ಇಡೀ ಹುರಿದ ಹಂದಿಯನ್ನು ಎಸೆಯುತ್ತಿದ್ದರು. ಸಿಕ್ಕಿದವರಿಗೆ ಸೀರುಂಡೆ. ಈ ಆಚರಣೆ 1796ರವರೆಗೂ ನಡೆಯಿತು.

ಮೇಲಿನಿಂದ ಎಸೆಯುವುದು, ಕೆಳಗೆ ಬಾಚುವುದು. ಈ ಆಟ ತನ್ನ ತುದಿ ಮುಟ್ಟಿದ್ದು ನೇಪಲ್ಸಿನಲ್ಲಿ.

ಅರಮನೆಯ ಮುಂದಿನ ಕೋಟೆ

ಹದಿನೆಂಟನೆಯ ಶತಮಾನದ ನೇಪಲ್ಸ್ ಪಶ್ಚಿಮ ಯೂರೋಪಿನಲ್ಲಿ ಲಂಡನ್, ಪ್ಯಾರಿಸ್ ಬಿಟ್ಟರೆ ಅತಿ ದೊಡ್ಡ ನಗರ. 1734ರಲ್ಲಿ ಬೂರ್ಬನ್ ವಂಶದ ಚಾರ್ಲ್ಸ್ ಅಲ್ಲಿನ ಗದ್ದುಗೆ ಏರಿದ. ಅರಮನೆ, ನಾಟಕಶಾಲೆ, ತೋಟಗಳು ಎದ್ದವು. ಅವುಗಳ ನೆರಳಿನಲ್ಲೇ ಸಾವಿರಾರು ಮಂದಿ ದಿನಗೂಲಿಗಳು, ಮೀನುಗಾರರು, ಹೊರೆಯಾಳುಗಳು ಬೀದಿಯಲ್ಲಿ ಬದುಕುತ್ತಿದ್ದರು. ಲಾಜ್ಜರಿ ಎಂದು ಅವರಿಗೆ ಹೆಸರು.

ಕ್ರೈಸ್ತರ ತಪಸ್ಸುಕಾಲದ ನಲವತ್ತು ದಿನ ಮಾಂಸ ನಿಷಿದ್ಧ. ಅದಕ್ಕೆ ಮೊದಲು ಬರುವ ಕಾರ್ನಿವಲ್ ತಿಂದುಂಡು ಕುಣಿಯುವ ಕಾಲ. ಹಿಂದಿನ ಶತಮಾನದಿಂದಲೇ ನೇಪಲ್ಸಿನಲ್ಲಿ ಕಟುಕರು, ಮೀನು ಮಾರುವವರು, ರೊಟ್ಟಿ ಸುಡುವವರು ಮೊದಲಾದ ವೃತ್ತಿಸಂಘಗಳು ತಿನಿಸು ಹೊರಿಸಿದ ಬಂಡಿಗಳ ಮೆರವಣಿಗೆ ತೆಗೆಯುತ್ತಿದ್ದವು. ಕೊನೆಯಲ್ಲಿ ಜನ ಬಂಡಿಗಳನ್ನು ಸೂರೆ ಮಾಡುತ್ತಿದ್ದರು. ಚಾರ್ಲ್ಸನ ಕಾಲದಲ್ಲಿ ಚಲಿಸುವ ಬಂಡಿಯ ಬದಲು ಅರಮನೆಯ ಎದುರಿನ ಬಯಲಿನಲ್ಲಿ ನಿಂತ ಕಟ್ಟಡವೇ ಬಂತು. ಅದಕ್ಕಿಟ್ಟ ಹೆಸರು, ಬಡವರ ಆ ಹಳೆಯ ಕನಸಿನದೇ: ಕುಕ್ಕಾನ್ಯ.

ಮರದ ಹಂದರ, ಅದರ ಮೇಲೆ ಕಾಗದ, ಬಟ್ಟೆಯ ಹೊದಿಕೆ. ಒಂದು ಸಲ ಕೋಟೆ, ಇನ್ನೊಂದು ಸಲ ಗುಡ್ಡ, ಮತ್ತೊಂದು ಸಲ ಉದ್ಯಾನ. ಗೋಡೆಗಳಿಗೆ ಹ್ಯಾಮು, ಸಲಾಮಿ, ಚೀಸು, ರೊಟ್ಟಿ. ಗಿಡಗಳಿಗೆ ಹಣ್ಣು. ಕಾರಂಜಿಯಲ್ಲಿ ದ್ರಾಕ್ಷಾರಸ. ಅಲಂಕಾರಕ್ಕೆಂದು ಜೀವಂತ ಕುರಿಮರಿ, ಕೋಳಿ, ಬಾತುಗಳನ್ನೂ ಕಟ್ಟುತ್ತಿದ್ದರು. ಕೆಲವೊಮ್ಮೆ ಹಕ್ಕಿಗಳ ರೆಕ್ಕೆಗೆ ಮೊಳೆ ಹೊಡೆದು ನಿಲ್ಲಿಸುತ್ತಿದ್ದರು ಎಂದು ಕಣ್ಣಾರೆ ಕಂಡವರು ಬರೆದಿದ್ದಾರೆ. 1747ರಲ್ಲಿ ರಾಜಕುಮಾರ ಹುಟ್ಟಿದಾಗ ನಡೆದ ಸಂಭ್ರಮಕ್ಕೆ ಆಸ್ಥಾನದ ರಂಗಸಜ್ಜೆಗಾರ ವಿನ್ಚೆನ್ಜೊ ರೇ ಭಾರಿ ಕುಕ್ಕಾನ್ಯವೊಂದನ್ನು ಕಟ್ಟಿಸಿದ. ಅದರ ಚಿತ್ರಗಳನ್ನು ಕೆತ್ತಿಸಿ ಎರಡು ವರ್ಷದ ನಂತರ ವೈಭವದ ಪುಸ್ತಕ ಅಚ್ಚು ಹಾಕಿಸಲಾಯಿತು. ತಿನಿಸು ಹೋದರೂ ನೋಟ ಉಳಿಯಬೇಕಲ್ಲ!

ಕಾರ್ನಿವಲ್ಲಿನ ನಾಲ್ಕು ಭಾನುವಾರಗಳಂದು ಈ ಆಟ. ಸುತ್ತ ಸೈನಿಕರ ಕಾವಲು. ಅದರಾಚೆ ಜನ. ಕೋಟೆಯ ಮಾಂಸದ ವಾಸನೆ ಅವರ ಮೂಗಿಗೆ ಬಡಿಯುತ್ತಿರುತ್ತದೆ, ಕೈಗೆ ಎಟಕುವಂತಿಲ್ಲ. ರಾಜ ಮೊಗಸಾಲೆಗೆ ಬಂದು ನಿಂತ ಮೇಲೆ ತೋಪು ಹಾರುತ್ತದೆ, ಕಾವಲು ಸರಿಯುತ್ತದೆ. ಮರುಕ್ಷಣ ನೂರಾರು ಜನ ಒಬ್ಬರ ಮೇಲೊಬ್ಬರು ಬಿದ್ದು, ಹತ್ತಿ, ಕಿತ್ತು, ಹರಿದು ಓಡುತ್ತಾರೆ. ಕೆಲವೇ ನಿಮಿಷಗಳಲ್ಲಿ ಕೋಟೆಯ ಮರದ ಎಲುಬುಗಳು ಮಾತ್ರ ನಿಂತಿರುತ್ತವೆ. ನೂಕುನುಗ್ಗಲಿನಲ್ಲಿ ಕೈಕಾಲು ಮುರಿದವರುಂಟು, ಚಾಕು ಇರಿತಕ್ಕೆ ಸಿಕ್ಕಿದವರುಂಟು, ಸತ್ತವರೂ ಉಂಟು. ಕ್ರೌರ್ಯದ ಬರವಣಿಗೆಗೇ ಹೆಸರಾದ ಫ್ರಾನ್ಸಿನ ಮಾರ್ಕಿ ದ ಸಾದ್ 1776ರಲ್ಲಿ ಇಲ್ಲಿಗೆ ಬಂದಿದ್ದ. ಈ ನೋಟ ಅವನಂಥವನಿಗೂ ಅನಾಗರಿಕವಾಗಿ ಕಂಡಿತು.

ಅರಮನೆಗೆ ಇದರಿಂದ ಏನು ಲಾಭ? ರಾಜ ಉಣಿಸುವವನು ಎಂಬುದನ್ನು ಊರೇ ನೋಡುತ್ತಿತ್ತು. ಜೊತೆಗೆ, ಹಸಿದ ಜನ ಹೇಗೆ ಮೃಗಗಳಂತೆ ಮುಗಿಬೀಳುತ್ತಾರೆ ಎಂಬುದನ್ನು ಮೊಗಸಾಲೆಯ ಅತಿಥಿಗಳು ನೋಡುತ್ತಿದ್ದರು. ಸಾಲಾಗಿ ನಿಲ್ಲಿಸಿ ಹಂಚಿದ್ದರೆ ಅದೇ ರೊಟ್ಟಿ, ಅದೇ ಹ್ಯಾಮು ಇನ್ನೂ ಹೆಚ್ಚು ಮನೆಗಳನ್ನು ಮುಟ್ಟುತ್ತಿತ್ತು. ಆದರೆ ಹಂಚಿದರೆ ಆಟವಿಲ್ಲ, ಆಟವಿಲ್ಲದಿದ್ದರೆ ನೋಟವಿಲ್ಲ.

ತೋಪು ಹಾರುವ ಮೊದಲೇ

1759ರಲ್ಲಿ ಚಾರ್ಲ್ಸ್ ಸ್ಪೇನಿನ ದೊರೆಯಾಗಿ ಹೊರಟುಹೋದ. ಅವನ ಎಂಟು ವರ್ಷದ ಮಗ ಫರ್ಡಿನಾಂಡ್ ನೇಪಲ್ಸಿನ ರಾಜನಾದ. 1763ರಲ್ಲಿ ಬೆಳೆ ಕೈಕೊಟ್ಟಿತು. 1764ರ ಹೊತ್ತಿಗೆ ಭೀಕರ ಬರ. ಹಳ್ಳಿಗಳವರು ಗುಂಪುಗುಂಪಾಗಿ ರಾಜಧಾನಿಗೆ ಬಂದು ಬೀದಿಯಲ್ಲಿ ಬಿದ್ದರು. ಹಸಿವೆಯ ಬೆನ್ನಿಗೇ ಜ್ವರ ಬಂತು. ರಾಜ್ಯದಾದ್ಯಂತ ಲಕ್ಷಕ್ಕೂ ಹೆಚ್ಚು ಜನ ಸತ್ತರು.

ಅಂಥ ವರ್ಷದಲ್ಲೂ ಕಾರ್ನಿವಲ್ ಬಂತು, ಅರಮನೆಯ ಮುಂದೆ ಮಾಂಸದ, ಚೀಸಿನ ಕಟ್ಟಡ ಎದ್ದು ನಿಂತಿತು. ಆದರೆ ಈ ಸಲ ಜನ ತೋಪಿನ ಸದ್ದಿಗೆ ಕಾಯಲಿಲ್ಲ. ಸಂಜ್ಞೆ ಬರುವ ಮೊದಲೇ ನುಗ್ಗಿ ಕುಕ್ಕಾನ್ಯವನ್ನು ಸೂರೆ ಮಾಡಿದರು.

ಮಾಡಿದ್ದು ಪ್ರತಿ ವರ್ಷ ಮಾಡುತ್ತಿದ್ದದ್ದನ್ನೇ. ಕಿತ್ತದ್ದೂ ಅದೇ ಹ್ಯಾಮು, ಅದೇ ಚೀಸು. ಆದರೂ ಎಲ್ಲವೂ ಬೇರೆಯಾಗಿತ್ತು. ತೋಪಿನ ನಂತರ ತೆಗೆದುಕೊಂಡರೆ ಅದು ದೊರೆಯ ದಾನ. ತೋಪಿಗೆ ಮೊದಲು ತೆಗೆದುಕೊಂಡರೆ ಅದು ದಂಗೆ. ನಡುವೆ ಇದ್ದದ್ದು ಕೆಲವು ನಿಮಿಷಗಳ ಅಂತರ, ಮತ್ತು ಯಾರ ಅಪ್ಪಣೆಯಿಂದ ಉಣ್ಣಬೇಕು ಎಂಬ ಪ್ರಶ್ನೆ.

ಆಮೇಲೂ ಹಲವು ವರ್ಷ ಕುಕ್ಕಾನ್ಯ ನಡೆಯಿತು. ಆದರೆ ಅದರ ಬಗ್ಗೆ ಪ್ರಜ್ಞಾವಂತರ ಅಸಹ್ಯ, ಸರ್ಕಾರದ ಅಂಜಿಕೆ ಎರಡೂ ಬೆಳೆದವು. 1770ರ ದಶಕದ ಕೊನೆಯ ಹೊತ್ತಿಗೆ ಅದು ನಿಂತಿತು. ಬಡವರು ರಾಜನ ಮೇಲೆ ತಿರುಗಿಬಿದ್ದರೆಂದು ಇದರಿಂದ ತಿಳಿಯಬಾರದು. 1799ರಲ್ಲಿ ಫ್ರೆಂಚ್ ಸೇನೆ ಬಂದು ನೇಪಲ್ಸಿನಲ್ಲಿ ಗಣರಾಜ್ಯ ಸಾರಿದಾಗ ಅದರ ವಿರುದ್ಧ, ಅದೇ ಫರ್ಡಿನಾಂಡನ ಪರವಾಗಿ ಬೀದಿಯಲ್ಲಿ ನಿಂತು ಕಾದಿದವರು ಇದೇ ಲಾಜ್ಜರಿಗಳು. ಹಸಿದವನ ನಿಷ್ಠೆಯನ್ನು ಇಷ್ಟೇ ಎಂದು ಅಳೆದು ಹೇಳುವುದು ಕಷ್ಟ.

ಜಾರುಕಂಬದ ತುದಿಯಲ್ಲಿ

ಕುಕ್ಕಾನ್ಯದ ಒಂದು ತುಣುಕು ಇಟಲಿಯ ಊರಹಬ್ಬಗಳಲ್ಲಿ ಇನ್ನೂ ಉಳಿದಿದೆ. ಕೊಬ್ಬು ಸವರಿದ ಎತ್ತರದ ಕಂಬ, ತುದಿಯಲ್ಲಿ ಹ್ಯಾಮು, ಸಲಾಮಿ. ಹತ್ತಿದವನಿಗೆ ಅದು. ನಮ್ಮ ಓದುಗರಿಗೆ ವಿವರಿಸಿ ಹೇಳಬೇಕಿಲ್ಲ. ಕೃಷ್ಣಾಷ್ಟಮಿಯ ಜಾರುಕಂಬವನ್ನು ನೋಡಿದವರಿಗೆ ಇದು ತಕ್ಷಣ ಗೊತ್ತಾಗುತ್ತದೆ. ಎರಡಕ್ಕೂ ಸಂಬಂಧ ಕಲ್ಪಿಸಬೇಕಾಗಿಲ್ಲ. ಕೈಗೆಟಕದ ಎತ್ತರದಲ್ಲಿ ತಿನಿಸು ಕಟ್ಟಿ ಹತ್ತು ಎನ್ನುವ ಆಟ ಮನುಷ್ಯನಿಗೆ ಎಲ್ಲ ಕಡೆಯೂ ಹೊಳೆದಿದೆ.

ಕೋಟೆ ಕುಗ್ಗಿ ಕೈಗುಚ್ಛವಾಗಲು ಪದಾರ್ಥಗಳು ಅಗ್ಗವಾಗಬೇಕಾಯಿತು. ಕೆರಿಬಿಯನ್ ದ್ವೀಪಗಳಲ್ಲಿ ಗುಲಾಮರ ಬೆನ್ನು ಮುರಿದು ಬೆಳೆಸಿದ ಕಬ್ಬು ಸಕ್ಕರೆಯ ಬೆಲೆಯನ್ನು ಇಳಿಸಿತು. ನೇಪಲ್ಸಿನ ಆ ಭಾರಿ ಸಂಭ್ರಮ ನಡೆದ 1747ರಲ್ಲೇ ಬರ್ಲಿನ್ನಿನ ರಸಾಯನಶಾಸ್ತ್ರಜ್ಞ ಮಾರ್ಗ್‌ಗ್ರಾಫ್ ಬೀಟ್ ಗೆಡ್ಡೆಯಲ್ಲೂ ಸಕ್ಕರೆ ಇರುವುದನ್ನು ತೋರಿಸಿದ್ದ. ಮುಂದೆ ರೈಲು, ಶೀತಲಯಂತ್ರ, ಕಾರ್ಖಾನೆಗಳು ಬಂದ ಮೇಲೆ ಮಾಂಸ, ಚೀಸು, ದೂರದೇಶದ ಹಣ್ಣುಗಳು ಸಾಮಾನ್ಯರ ಅಂಗಡಿಗೂ ಬಂದವು. ಅಮೆರಿಕದ ಕನೆಟಿಕಟ್ ರಾಜ್ಯದಲ್ಲಿ ಹೂವಿನಂಗಡಿ ನಡೆಸುತ್ತಿದ್ದ, ಪಾಕಿಸ್ತಾನದಿಂದ ಬಾಲಕನಾಗಿ ವಲಸೆ ಬಂದ ತಾರಿಕ್ ಫರೀದ್ 1999ರಲ್ಲಿ ಹೂವಿನ ಬದಲು ಹಣ್ಣಿನ ಗುಚ್ಛ ಮಾರಲು ‘ಎಡಿಬಲ್ ಅರೇಂಜ್‌ಮೆಂಟ್ಸ್’ ಅಂಗಡಿ ತೆರೆದರು. ಅನಾನಸ್ ಹೋಳನ್ನು ಹೂವಿನ ಆಕಾರಕ್ಕೆ ಕತ್ತರಿಸುವ ಆ ಉಪಾಯದಿಂದ ದೊಡ್ಡ ಅಂಗಡಿಸರಣಿಯೇ ಬೆಳೆಯಿತು. 2020ರ ಕೊರೊನಾ ದಿಗ್ಬಂಧನದಲ್ಲಿ ಮನೆಯಲ್ಲೇ ಕೂತ ಜನ ಮಾಂಸ, ಚೀಸಿನ ತಟ್ಟೆ ಜೋಡಿಸಿ ಚಿತ್ರ ಹಂಚಿಕೊಂಡಾಗ ಲೋಟದ ಅಂಚಿನ ಸಲಾಮಿ ಗುಲಾಬಿಯೂ ಮನೆಮಾತಾಯಿತು.

ಆದರೆ ಮಾಂಸದ ಹೂಗುಚ್ಛ ಹೆಚ್ಚು ಜನಪ್ರಿಯವಾದ ನಾಡುಗಳಲ್ಲಿ ಒಂದು ರಷ್ಯಾ. ಅಲ್ಲಿ ಫೆಬ್ರವರಿ 23, ಸೈನಿಕರ ನೆನಪಿನ ದಿನ, ಕಾಲಕ್ರಮದಲ್ಲಿ ಗಂಡಸರ ಹಬ್ಬವಾಗಿದೆ. ಹೂವಿನ ಬದಲು ಸಾಸೇಜು, ಚೀಸು, ಒಣಮೀನು ಕಟ್ಟಿದ ಗುಚ್ಛವನ್ನು ಹೆಂಗಸರು ಅವರಿಗೆ ಕೊಡುತ್ತಾರೆ. ಅದೇ ದೇಶದಲ್ಲಿ ಸೋವಿಯತ್ ಆಡಳಿತದ ಕೊನೆಯ ದಶಕಗಳಲ್ಲಿ ಒಳ್ಳೆಯ ಸಾಸೇಜ್ ಸಿಗುತ್ತಿದ್ದದ್ದು ಮಾಸ್ಕೊದಂಥ ದೊಡ್ಡ ನಗರಗಳಲ್ಲಿ. ಸುತ್ತಲ ಊರಿನವರು ಮುಂಜಾನೆಯ ರೈಲು ಹಿಡಿದು ಬಂದು, ಸರದಿಯಲ್ಲಿ ನಿಂತು, ಚೀಲ ತುಂಬಿಕೊಂಡು ಹೋಗುತ್ತಿದ್ದರು. ಉದ್ದಕ್ಕಿದೆ, ಹಸಿರಾಗಿದೆ, ಸಾಸೇಜಿನ ವಾಸನೆ ಹೊಡೆಯುತ್ತದೆ, ಏನದು ಎಂಬ ಒಗಟು ಆಗ ಎಲ್ಲರ ಬಾಯಲ್ಲೂ ಇತ್ತು. ಉತ್ತರ: ಮಾಸ್ಕೊದಿಂದ ಹಿಂತಿರುಗುವ ರೈಲು. ಆ ಸರದಿಯಲ್ಲಿ ನಿಂತವರ ಮಕ್ಕಳಿಗೆ ಇಂದು ಸಾಸೇಜ್ ಹೂಗುಚ್ಛವಾಗಿದ್ದರೆ ಅದನ್ನು ಬರೀ ಶೋಕಿ ಎನ್ನಲು ಮನಸ್ಸು ಹಿಂಜರಿಯುತ್ತದೆ.

ಉಪ್ಪು, ಹೊಗೆ, ಗಾಳಿಗಳಿಂದ ಕಾಪಿಟ್ಟ ಆಹಾರ ಮೂಲತಃ ಹಸಿವೆಯ ಭಯದಿಂದ ಹುಟ್ಟಿದ್ದು. ಅದನ್ನು ಹೂವಾಗಿ ಮಡಿಸಬಹುದು ಎಂಬುದೇ ಆ ಭಯ ಕೆಲವರ ಮಟ್ಟಿಗಾದರೂ ಕಳೆದಿದೆ ಎಂಬುದರ ಗುರುತು. ಇದರಲ್ಲೊಂದು ತಮಾಷೆಯೂ ಇದೆ. ಇಡಿಯಾಗಿದ್ದಾಗ ಚಳಿಗಾಲವಿಡೀ ಜಂತಿಯಲ್ಲಿ ತೂಗಿದ ಮಾಂಸ, ತೆಳ್ಳಗೆ ಕೊಯ್ದು ಗುಲಾಬಿ ಮಾಡಿದೊಡನೆ ತನ್ನ ತಾಳಿಕೆಯನ್ನೆಲ್ಲ ಕಳೆದುಕೊಳ್ಳುತ್ತದೆ. ಕೊಯ್ದ ಮಾಂಸ, ಹೆಚ್ಚಿದ ಹಣ್ಣುಗಳನ್ನು ಎರಡು ಗಂಟೆಗಿಂತ ಹೆಚ್ಚು ಹೊರಗಿಡಬೇಡಿ ಎಂಬುದು ಆಹಾರ ಸುರಕ್ಷತೆಯ ಸಾಮಾನ್ಯ ಎಚ್ಚರಿಕೆ. ಹೂವಿಗಿಂತ ಬೇಗ ಬಾಡುವ ಹೂವು ಇದು.

ಆದ್ದರಿಂದ ಇದನ್ನು ನೋಡುತ್ತಾ ಕೂರುವಂತಿಲ್ಲ. ಹನುಮಂತನ ಗುಡಿಯ ಬೆಣ್ಣೆ ಅಲಂಕಾರ ಎಷ್ಟೇ ಚೆಂದವಿದ್ದರೂ ಕೊನೆಗೆ ಅದು ಭಕ್ತರ ಅಂಗೈಗೆ ಪ್ರಸಾದವಾಗಿ ಬರುತ್ತದೆ. ನೇಪಲ್ಸಿನ ಕೋಟೆಯನ್ನು ಕಟ್ಟಿದವರು ನೋಡುತ್ತಾ ನಿಂತರು, ಹಸಿದವರು ಅದಕ್ಕಾಗಿ ಒಬ್ಬರನ್ನೊಬ್ಬರು ತುಳಿದರು. ಇಂದಿನ ಗುಚ್ಛದಲ್ಲಿ ಕೊಟ್ಟವರೂ ಪಡೆದವರೂ ಒಂದೇ ಮೇಜಿಗೆ ಕೂತು ಒಂದೊಂದು ಎಸಳು ಕಿತ್ತು ತಿನ್ನುತ್ತಾರೆ, ತೋಪಿನ ಸದ್ದಿಗೆ ಯಾರೂ ಕಾಯಬೇಕಿಲ್ಲ. ಆ ಮೇಜಿನಾಚೆ ನಿಂತು ನೋಡುವವರು ಇನ್ನೂ ಇದ್ದಾರೆ ಎಂಬುದನ್ನು ಮಾತ್ರ ಮರೆಯುವಂತಿಲ್ಲ.